ಕವಳ ಹಾಕಿ ಕಳೆದುಕೊಂಡ ಸೀಟು

‘ಹಲ್ಲು ನೋವಲ್ಲ ಡಾಕ್ಟ್ರೆ. ಇವ್ಳ ತಲೆ ಒಂಚೂರು ನೋಡಿ.’

ಕಳೆದ ಭಾನುವಾರ ಬೆಳಿಗ್ಗೆ ಹೊನ್ನಾವರದ ನನ್ನ ದವಾಖಾನೆಗೆ ಬಂದ ನಾಗವೇಣಿಯಮ್ಮ, ಮಗಳನ್ನು ನೇರವಾಗಿ ಹಲ್ಲು ಕೀಳುವ ಕುರ್ಚಿಯಲ್ಲೇ ಕೂರಿಸಿಬಿಟ್ಟರು. (ಬೇರೆ ಕುರ್ಚಿಗಳು ಖಾಲಿ ಇದ್ದವು. ಆದರೆ ಇದರಲ್ಲಿ ಒರಗಿ ಕೂತವರು ಎದ್ದು ಓಡುವುದು ಕಷ್ಟ.)

ನಾಗವೇಣಿಯಮ್ಮ ಮಾವಿನಕುರ್ವೆಯವರು. ಅಲ್ಲಿ ಅವರದೊಂದು ಕಿರಾಣಿ ಅಂಗಡಿ. ದೋಣಿ ಹತ್ತಿ ಹೊಳೆ ದಾಟಿ ಬಂದಿದ್ದರು. ಮಗಳು ಸುಮತಿ ಈ ವರ್ಷ ಡೆಂಟಲ್ ಕಾಲೇಜಿಗೆ ಅರ್ಜಿ ಹಾಕಿದ್ದಳು. ಇಂಟರ್‌ವ್ಯೂ ತನಕ ಹೋದಳು. ಸೀಟು ಸಿಗಲಿಲ್ಲ. ಅಷ್ಟರಲ್ಲಿ ಶಿರಾಲಿ ಹತ್ತಿರದ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿದೆ. ನಾಳೆಯೇ ಹಾಜರಾಗಬೇಕು. ಹುಡುಗಿ ಒಲ್ಲೆ ಅನ್ನುತ್ತಾಳೆ. ಅಲ್ಲಿಗೆ ಹೋದರೆ ಅಲ್ಲೇ ಉಳಿದುಬಿಡುತ್ತೇನೆ, ಬರುವ ವರ್ಷ ಮತ್ತೆ ಅರ್ಜಿ ಹಾಕಬೇಕು ಎಂಬುದು ಅವಳ ಹಟ.

‘ಒಂದ್ಸಲ ಬೇಡ ಹೇಳಿದ್ರು ಅಂದ್ರೆ ಬೇಡ ಅಂತ್ಲೇ ಅಲ್ವಾ? ಮತ್ತೆ ಅದೇ ಬಾಗಿಲಿಗೆ ಎಂತಕ್ಕೆ ಹೋಗೂದು?’ ಎಂದರು ತಾಯಿ.

‘ಡಾಕ್ಟ್ರೂ ಹೋಗಿರ್ಲಿಲ್ವಾ?’ ಎಂದಳು ಕುರ್ಚಿಯಲ್ಲಿದ್ದವಳು.

ಹೋಗಿದ್ದೆ. ಊರಿಗೆಲ್ಲ ಗೊತ್ತು. ಗೊತ್ತು ಮಾಡಿದವನು ನಾನೇ. ನನ್ನ ಆ ಕಥೆಯನ್ನು ಕೇಳದೆ ಹೊನ್ನಾವರದಲ್ಲಿ ಯಾರಾದರೂ ಹಲ್ಲು ಕೀಳಿಸಿಕೊಂಡಿದ್ದಾರೆಯೇ? ಬಾಯಿ ತೆರೆದು ಕೂತವರು ನಡುವೆ ಮಾತಾಡುವ ಹಾಗಿಲ್ಲವಲ್ಲ!

ನಮ್ಮ ಮನೆ ಕುಮಟೆಯಲ್ಲಿ. ಅಪ್ಪ ಕೋರ್ಟಿನಲ್ಲಿ ಗುಮಾಸ್ತ. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ಕುಮಟೆಯವರಿಗೆ ಮುಂಬಯಿಯ ಗಲ್ಲಿಗಲ್ಲಿಯೂ ಗೊತ್ತು. ಬೆಂಗಳೂರು ಯಾವ ದಿಕ್ಕಿಗೆ ಎಂದು ಕೇಳಬೇಕಿತ್ತು. ಅಲ್ಲಿ ನಮಗೆ ಇದ್ದವರು ಒಬ್ಬರೇ, ಶಂಭು ಮಾವ. ಇಂಟರ್‌ವ್ಯೂಗೆ ಹೋದಾಗ ಅವರ ಕೋಣೆಯಲ್ಲೇ ಉಳಿದೆ.

ಬೆಳಿಗ್ಗೆ ಊಟ ಮುಗಿಸಿ ಹೊರಟವನನ್ನು ಮಾವ ತಡೆದರು. ಊರಿನಿಂದ ನಾನೇ ಒಯ್ದಿದ್ದ ಎಲೆ ಅಡಿಕೆ ಮುಂದಿಟ್ಟರು. ‘ಬರೀ ಬಾಯಲ್ಲಿ ಹೋಪ್ಲಾಗ. ಒಂದು ಕವಳ ಹಾಕ್ಯಂಡು ಹೋಗು.’

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕವಳ ಎಂದರೆ ಬರೀ ಎಲೆ ಅಡಿಕೆಯಲ್ಲ, ಮರ್ಯಾದೆ. ಮನೆಗೆ ಬಂದವರ ಮುಂದೆ ಕವಳದ ತಟ್ಟೆ ಬರಲಿಲ್ಲವೆಂದರೆ ಅವಮಾನ. ಬಂದ ತಟ್ಟೆಯನ್ನು ಮುಟ್ಟಲಿಲ್ಲವೆಂದರೆ ಜಗಳ. ನಾನು ಹಾಕಿಕೊಂಡೆ. ಒಳ್ಳೆಯ ಕೆಂಪು ಬಂತು. ಹಾಗೆಯೇ ಹೋಗಿ ದಂತವೈದ್ಯರ ಎದುರು ಕೂತೆ. ದಂತವೈದ್ಯನಾಗಲು!

ಮೂವರಿದ್ದರು. ನಡುವೆ ಕೂತವರು ‘ನಿಮಗೆ ಹಲ್ಲಿನ ಮೇಲೆ ಆಸಕ್ತಿ ಹೇಗೆ ಬಂತು?’ ಎಂದು ಕೇಳಿದರು. ನಾನು ಬಾಯಿ ತೆರೆದೆ. ಮೂವರೂ ನಕ್ಕರು. ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಇದನ್ನೇ ಹೇಳಿದೆ. ಅವರು ‘ತೊಳ್ದ್ರೆ ಹೋಪ್ದಾದ್ರೆ ಇನ್ನೊಂದ್ಸಲ ನೋಡು. ಮನೇಲಿ ಸುಮ್ನೆ ಕೂರಡ, ಬಿ.ಎಸ್ಸಿ.ಗೂ ಸೇರು’ ಎಂದರು.

ತೊಳೆದೆ. ವರ್ಷವಿಡೀ ತೊಳೆದೆ. ಸುಟ್ಟ ಭತ್ತದ ಹೊಟ್ಟಿನ ಉಮಿಕರಿಯನ್ನು ಉಪ್ಪಿನ ಜೊತೆ ಅರೆದು, ವಸಡಿನಲ್ಲಿ ರಕ್ತ ಬರುವ ತನಕ ಉಜ್ಜಿದೆ. (ಇಂದು ಯಾರಾದರೂ ಹಾಗೆ ಉಜ್ಜಿಕೊಂಡು ನನ್ನ ಹತ್ತಿರ ಬಂದರೆ ಬೈದು ಕಳಿಸುತ್ತೇನೆ.) ಕವಳ ಬಿಟ್ಟೆ. ಆಗ ಶುರುವಾಯಿತು ನೋಡಿ ನಿಜವಾದ ಪರೀಕ್ಷೆ. ಸೋದರತ್ತೆಯ ಮನೆಗೆ ಹೋದಾಗ ತಟ್ಟೆ ಬಂತು. ಕೈ ಮುಗಿದು ಬೇಡ ಎಂದೆ.

‘ಎಂತದೋ? ನಮ್ಮನೆ ಕವಳ ಸೇರ್ತಿಲ್ಯ?’

‘ಹಂಗಲ್ಲ ಅತ್ತೆ, ಡಾಕ್ಟ್ರ ಆಗಕ್ಕು ಹೇಳಿ…’

‘ಆದ ಮೇಲೆ ಗತ್ತು ಮಾಡೋರ ನಾ ಕಂಡಿದ್ದಿ. ಆಪ್ದ್ರ ಮೊದ್ಲೇ ಶುರು ಮಾಡಿದವ ನೀನೊಬ್ನೇಯ!’

ಅತ್ತೆ ಅಂದಿನಿಂದ ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಆದರೆ ಮರುವರ್ಷ ನಾನು ಬೆಳ್ಳಗಿನ ಹಲ್ಲು ಹೊತ್ತು ಬೆಂಗಳೂರಿಗೆ ಹೋದೆ. ಸೀಟು ಸಿಕ್ಕಿತು.

ಇಷ್ಟು ಹೇಳಿ ಮುಗಿಸುವಾಗ ನಾಗವೇಣಿಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ದವಾಖಾನೆಗೆ ಅಂಟಿದ ಮನೆಯಿಂದ ಚಹಾ ತಂದ ನನ್ನ ಹೆಂಡತಿ ನಗಲಿಲ್ಲ.

‘ಮದುವೆಯಾದ ಹೊಸದರಲ್ಲಿ ಹೇಳಿದಾಗ ನಕ್ಕವರು ಒಬ್ಬರೇ ಇದ್ದರು. ಈಗ ಮೂವರೂ ನಗ್ತಿದ್ದಾರೆ’ ಎಂದಳು. ಲೋಟ ಇಟ್ಟು ಒಳಗೆ ಹೋದಳು.

ಹೌದೇ? ನಕ್ಕವರು ಒಬ್ಬರೇ ಆಗಿದ್ದರೇ? ಅಥವಾ ಯಾರೂ ನಗಲೇ ಇಲ್ಲವೇ?

ನಾನು ದಿನಚರಿ ಬರೆಯುವವನು. ಇಂಥ ಸಂಶಯಕ್ಕೆ ಅದು ಉತ್ತರ ಹೇಳಬೇಕಿತ್ತು. ಆದರೆ ಆ ದಿನ ನಾನು ಏನನ್ನೂ ಬರೆದಿಲ್ಲ. ಸೋತು ಬಂದ ದಿನ ಕೂತು ಬರೆಯುವವರು ಯಾರು? ಹಾಗಾಗಿ ಆ ದಿನದ ಬಗ್ಗೆ ನನ್ನ ಹತ್ತಿರ ಇರುವುದು ನಾನು ಸಾರಿ ಸಾರಿ ಹೇಳಿದ ಕಥೆ ಮಾತ್ರ. ಹೇಳಿದಷ್ಟೂ ಅದು ಚೆನ್ನಾಗುತ್ತಲೇ ಹೋಗಿದೆ. ನಡೆದದ್ದು ಚೆನ್ನಾಗುತ್ತಾ ಹೋಗುತ್ತದೆಯೇ?

ಖಚಿತವಾಗಿ ಗೊತ್ತಿರುವುದು ಬೇರೆ. ಮೊದಲ ವರ್ಷ ನನ್ನ ಕೆಮಿಸ್ಟ್ರಿ ಮಾರ್ಕು ತೀರಾ ಕಡಿಮೆ ಇತ್ತು. ಅಪ್ಪನ ಒತ್ತಾಯಕ್ಕೆ ಬಿ.ಎಸ್ಸಿ. ಸೇರಿ ಒಂದು ವರ್ಷ ಓದಿದ್ದರಿಂದ ಅದು ಏರಿತು. ಎರಡನೆಯ ಇಂಟರ್‌ವ್ಯೂನಲ್ಲಿ ಕೇಳಿದ್ದೂ ಅದನ್ನೇ. ನಾನು ಹಲ್ಲು ಕಾಣಲಿ ಎಂದು ಕೇಳಿದ್ದಕ್ಕೂ ಕೇಳದ್ದಕ್ಕೂ ನಗುತ್ತಿದ್ದೆ. ಅವರು ಮಾರ್ಕುಗಳ ಹಾಳೆಯಿಂದ ತಲೆ ಎತ್ತಲಿಲ್ಲ. ಕಡೆಗೆ ‘ಹೋಗಬಹುದು’ ಎನ್ನಲು ತಲೆ ಎತ್ತಿದಾಗ ನಡುವೆ ಕೂತವರ ಬಾಯಿ ಕೆಂಪಗಿತ್ತು. ಅವರೂ ಎಲೆ ಅಡಿಕೆ ಹಾಕುವವರೇ!

ಈ ಭಾಗವನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಕಥೆ ಅಲ್ಲಿಗೆ ಸತ್ತಿತು.

ಆದರೂ ಒಂದು ಮಾತು ಆ ಕಥೆಯ ಪರವಾಗಿ ಹೇಳಬೇಕು. ಬುದ್ಧಿ ಸಾಲದೆ ಸೋತೆ ಎಂದುಕೊಂಡಿದ್ದರೆ ನಾನು ಎರಡನೆಯ ಸಲ ಆ ಬಸ್ಸು ಹತ್ತುತ್ತಿದ್ದೆನೇ? ಅಪ್ಪ ಹತ್ತಿಸುತ್ತಿದ್ದರೇ? ದೋಷ ಹಲ್ಲಿನ ಮೇಲಿದೆ, ತಲೆಯಲ್ಲಲ್ಲ ಎಂದು ನಂಬಿದ್ದಕ್ಕೆ ಧೈರ್ಯ ಬಂತು. ಕಾರಣ ಸುಳ್ಳಿರಬಹುದು, ಧೈರ್ಯ ನಿಜದ್ದು. ಸೋತವರು ಮತ್ತೆ ಏಳಬೇಕಾದರೆ ಉಜ್ಜಿದರೆ ಹೋಗುವಂಥ ಕಾರಣವೊಂದು ಬೇಕು ಎಂದು ನನಗೆ ಈಗಲೂ ಅನ್ನಿಸುತ್ತದೆ. ಸುಮತಿಗೂ ಅಂಥದ್ದೊಂದನ್ನು ಹುಡುಕಿ ಕೊಟ್ಟರಾಯಿತು ಎಂದುಕೊಂಡೆ.

‘ಮಾರ್ಕು ಎಷ್ಟು?’ ಎಂದು ಕೇಳಿದೆ. ಹೇಳಿದಳು. ನನ್ನ ಎರಡನೆಯ ವರ್ಷದ ಮಾರ್ಕಿಗಿಂತ ಹೆಚ್ಚು. ನಾನು ಸ್ವಲ್ಪ ಚಹಾ ಕುಡಿದೆ.

‘ಇಂಟರ್‌ವ್ಯೂನಲ್ಲಿ ಎಂತ ಕೇಳಿದ್ರು?’

‘ಒಂದೇ ಕೇಳಿದ್ದು. ಮದುವೆ ಆದ್ಮೇಲೆ ಪ್ರಾಕ್ಟೀಸ್ ಮಾಡ್ತೀಯಾ, ಇಲ್ಲಾ ಸೀಟು ಹಾಳು ಮಾಡ್ತೀಯಾ ಅಂತ.’

‘ನೀನೆಂತ ಹೇಳಿದೆ?’

‘ಗೊತ್ತಿಲ್ಲ ಅಂದೆ. ಗೊತ್ತಿರ್ಲಿಲ್ಲ ಅಲ್ವಾ?’ ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ‘ನಿಮ್ಮದು ಉಮಿಕರೀಲಿ ಹೋಯ್ತು ಡಾಕ್ಟ್ರೆ. ನನ್ನದು ಎಂತದ್ರಲ್ಲಿ ಉಜ್ಜೂದು?’

ನಾಗವೇಣಿಯಮ್ಮನ ನಗು ಎಲ್ಲಿಗೋ ಹೋಗಿತ್ತು. ಮಗಳು ಈ ಪ್ರಶ್ನೆಯ ವಿಷಯ ಮನೆಯಲ್ಲಿ ಹೇಳಿರಲಿಲ್ಲ ಎಂದು ಕಾಣುತ್ತದೆ.

‘ಇದನ್ನ ಕೇಳೂಕೆ ಅಷ್ಟು ದೂರ ಕರ್ಸಿದ್ರಾ?’ ಎಂದು ಮಗಳನ್ನು ಕೇಳಿದರು.

‘ಹೌದು.’

‘ನಾನು ಮದುವೆ ಆಗಿ ಬಂದವ್ಳಲ್ವಾ? ಅಂಗಡಿ ಯಾರು ನಡ್ಸೂದು? ನಿನ್ನಪ್ಪನಾ? ಅವ್ರಿಗೆ ತಕ್ಕಡಿ ಹಿಡಿಯೂಕೂ ಬರೂದಿಲ್ಲ. ಅದನ್ನ ಹೇಳ್ಬೇಕಿತ್ತು ಅಲ್ಲಿ!’

‘ಅಮ್ಮ, ಅದು ಇಂಟರ್‌ವ್ಯೂ…’

‘ಎಂತದೇ ಆಗ್ಲಿ. ಅರ್ಜಿ ಹಾಕು. ಬಪ್ಪ ವರ್ಷ ನಾನೂ ಬತ್ತೆ. ಆದ್ರೆ ನಾಳೆ ಶಿರಾಲಿಗೆ ಹೋಗೂದೇ. ಮನೇಲಿ ಕೂತು ಹಟ ಮಾಡೂದಲ್ಲ, ದುಡೀತಾ ಹಟ ಮಾಡು. ಆತಾ?’

‘ಆತು’ ಎಂದಳು ಸುಮತಿ.

ಕುರ್ಚಿಯಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡಳು. ತಾಯಿ ಆಗಲೇ ಅಂಗಳ ದಾಟಿದ್ದರು. ಅವರಿಗೆ ದೋಣಿಯ ಹೊತ್ತಾಗಿತ್ತು. ನನ್ನ ಫೀಸು ಎಷ್ಟು ಎಂದು ಕೇಳಲಿಲ್ಲ. ಕೇಳುವಂಥದ್ದು ನಾನೇನೂ ಮಾಡಿರಲಿಲ್ಲ.

ಬರುವ ವರ್ಷ ಅವಳಿಗೆ ಸೀಟು ಸಿಗುತ್ತದೆಯೇ? ಗೊತ್ತಿಲ್ಲ. ಬೆಂಗಳೂರಿನ ಆ ಮೇಜಿನ ಆಚೆ ಎಷ್ಟು ಜನ ಕೂತಿದ್ದರು, ಯಾರು ನಕ್ಕರು ಎಂಬುದರಲ್ಲೂ ನನಗೆ ಈಗ ಖಾತ್ರಿಯಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ನನ್ನ ನೆನಪಿನ ಮೇಲೆ ಎಳ್ಳಷ್ಟೂ ಸಂಶಯವಿಲ್ಲ. ಮದುವೆಯಾದ ಮೇಲೆ ಹಲ್ಲು ಕೀಳುತ್ತೀಯಾ ಎಂದು ಆ ಎರಡು ವರ್ಷಗಳಲ್ಲಿ ನನ್ನನ್ನು ಒಬ್ಬರೂ ಕೇಳಲಿಲ್ಲ.