ಕೆಂಪು ಕಾರಿನ ಗಾಲಿಗೆ ಕಲ್ಲು

ಆಗ ನಮ್ಮ ಸವದತ್ತಿ ಕಡೆಯ ಹಳ್ಳಿಗಳಲ್ಲಿ ಗಾಡಿ ಅಂದರೆ ಚಕ್ಕಡಿ. ಬಸ್ಸು ಬಂದರೆ ಮಕ್ಕಳೆಲ್ಲ ಅದರ ಹಿಂದೆ ಓಡಿ, ಡೀಸೆಲ್ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡು ಬರುತ್ತಿದ್ದೆವು. ಆ ವಾಸನೆಗೆ ಓಡಿದವರು ನಿಮ್ಮಲ್ಲೂ ಇದ್ದೀರಿ, ಸುಮ್ಮನೆ ಇಲ್ಲ ಅನ್ನಬೇಡಿ.

ನಮ್ಮೂರಲ್ಲಿ ಮಾತ್ರ ಇನ್ನೊಂದು ಗಾಡಿ ಇತ್ತು. ವಾಡೇ ಅಂದರೆ ಊರ ಧಣಿಗಳ ದೊಡ್ಡಮನೆ, ಅಲ್ಲಿನ ಸಣ್ಣ ಧಣಿ ಮುಂಬಯಿಯಿಂದ ತಂದ ವಿಲಾಯತಿ ಕಾರು. ಇಬ್ಬರೇ ಕೂಡುವಂಥದ್ದು. ಮೇಲೆ ಚಾವಣಿ ಇಲ್ಲ. ಬಣ್ಣ ಕುಂಕುಮದ್ದು. ಕಪ್ಪೆಯ ಹಾಗೆ ನೆಲಕ್ಕೆ ಹತ್ತಿಕೊಂಡು ಕೂತಿರುತ್ತಿತ್ತು. ಅದಕ್ಕೇ ನಾವು ‘ಕೆಂಪ ಕಪ್ಪಿ’ ಅನ್ನುತ್ತಿದ್ದೆವು.

ಅದು ಓಡಿದ್ದನ್ನು ನಾನು ನೋಡಿಲ್ಲ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಎಂಜಿನ್ ಕೆಟ್ಟಿತ್ತು, ಬ್ರೇಕು ಹಿಡಿಯುತ್ತಿರಲಿಲ್ಲ, ವಿಲಾಯತಿಯಿಂದ ಸಾಮಾನು ಬರಲಿಲ್ಲ. ಬೇಸತ್ತ ಸಣ್ಣ ಧಣಿ ಪುಣೆಗೆ ಹೋಗಿ ಅಲ್ಲೇ ಉಳಿದ. ಕಾರು ದನದ ಕೊಟ್ಟಿಗೆಯ ಪಕ್ಕದ ಛಪ್ಪರ ಸೇರಿತು. ಅಲ್ಲಿಂದ ಅಂಗಳವೆಲ್ಲ ಬಾವಿಯ ಕಡೆಗೆ ಇಳಿಜಾರು. ಅದಕ್ಕೆ ವಾಡೇದ ಡ್ರೈವರ ಮೌಲಾಸಾಬ ಕಾಕಾ ಒಡೆದ ಬೀಸುಕಲ್ಲಿನ ಎರಡು ತುಂಡುಗಳನ್ನು ಗಾಲಿಗೆ ಅಡ್ಡ ಇಟ್ಟಿದ್ದ.

ಕೋಳಿಗಳು ಅದರ ಸೀಟಿನಲ್ಲಿ ಮೊಟ್ಟೆ ಇಡುತ್ತಿದ್ದವು. ಚರ್ಮ, ತುಕ್ಕು, ಕೋಳಿಹಿಕ್ಕೆ ಮೂರೂ ಕೂಡಿದ ಒಂದು ವಾಸನೆ. ಅವ್ವ ವಾಡೇದ ಅಡಿಗೆಮನೆಯಲ್ಲಿ ದುಡಿಯುತ್ತಿದ್ದಳು, ನಾವು ಮಕ್ಕಳು ಅದರಲ್ಲಿ ಕೂತು ಬಸ್ಸಿನ ಆಟ ಆಡುತ್ತಿದ್ದೆವು. ಕೈಯಲ್ಲಿ ತಿರುವುವ ಚಕ್ರ ಯಾವಾಗಲೂ ಗಂಡುಹುಡುಗರದ್ದು. ನಾನು ಕಂಡಕ್ಟರು. “ಮುನವಳ್ಳಿ ಯಾರ್ರೀ, ಇಳೀರಿ ಲಗೂನ” ಅಂತ ಒದರುವುದಷ್ಟೇ ನನ್ನ ಕೆಲಸ. ಆ ಚಕ್ರವನ್ನು ಒಂದು ದಿನವೂ ಮುಟ್ಟಿರಲಿಲ್ಲ.

ಆ ವರ್ಷ ನವರಾತ್ರಿ ಬಂತು. ಖಂಡೇಪೂಜೆಯ ದಿನ ಗಾಡಿಯ ಗಾಲಿ ನಿಂಬೆಹಣ್ಣು ತುಳಿಯಬೇಕು, ನಿಮಗೆ ಗೊತ್ತೇ ಇದೆ. ಚಕ್ಕಡಿಯನ್ನು ಎತ್ತು ಎಳೆಯುತ್ತದೆ, ತುಳಿಯುತ್ತದೆ. ಕೆಟ್ಟುನಿಂತ ಕಾರಿಗೆ ಏನು ಮಾಡುವುದು. ಹಣ್ಣನ್ನು ಗಾಲಿಯ ಬದಿಗಿಟ್ಟು ಕೈಮುಗಿದು ಬಿಡುತ್ತಿದ್ದರು. ಆ ಸಲ ಸಣ್ಣ ಧಣಿಯ ತಾಯಿ ಬಾಯಿಸಾಬ ಒಪ್ಪಲಿಲ್ಲ.

“ಹಣ್ಣ ತುಳಸದ ಪೂಜಿ ಮಾಡಿ ಮಾಡಿ ಗಾಡಿ ಸತ್ತೈತಿ. ಈ ಸರ್ತಿ ತುಳಸ್ರಿ. ಗಾಡಿ ಎದ್ದರ ನನ್ನ ಮಗಾನೂ ಬರ್ತಾನ” ಅಂದಳು.

ಹಾಗಂದ ಮೇಲೆ ಯಾರು ಏನು ಹೇಳುತ್ತಾರೆ. ಖಾಲಿ ಗಾಡಿ ತುಳಿಸಬಾರದು, ಸಣ್ಣ ಹೆಣ್ಣುಮಗಳನ್ನು ಕೂಡಿಸಬೇಕು ಅಂದಳು. ವಾಡೇದಲ್ಲಿ ಹೆಣ್ಣುಮಗು ಇರಲಿಲ್ಲ. ನನಗೆ ಪರಕರ ಉಡಿಸಿ, ತಲೆಗೆ ಹೂ ಮುಡಿಸಿ, ಚಕ್ರದ ಮುಂದೆ ಕೂಡಿಸಿದರು. ಕಾಲು ಕೆಳಗೆ ಎಟುಕಲಿಲ್ಲ. ಮಡಿಲಲ್ಲಿ ತಂಬಿಗೆ, ತಂಬಿಗೆಯ ಮೇಲೆ ಟೆಂಗಿನಕಾಯಿ.

“ಎರಡೂ ಕೈಲೆ ಹಿಡಕೋ. ಕೈ ಬಿಟ್ಟಿ, ಕಾಯಿ ಉಳ್ಳಿತಂದ್ರ ಮನೀಗೆ ಕೇಡ ನೋಡ” ಅಂದಳು ಬಾಯಿಸಾಬ. ನಾನು ಉಗುರು ಬೆಳ್ಳಗಾಗುವ ಹಾಗೆ ಹಿಡಿದೆ.

ಹೆಂಗಸರು ನೆಲ ಸಾರಿಸಿ ರಂಗೋಲಿ ಹಾಕಿದ್ದರು. “ಪೂಜಿ ಜಾಗಾದಾಗ ಈ ದಗಡ ಯಾಕ?” ಅಂದರು. ಮೌಲಾಸಾಬ ಕಾಕಾ ಕಲ್ಲು ಸರಿಸಿ, ಆ ಜಾಗದಲ್ಲಿ ನಿಂಬೆಹಣ್ಣು ಇಟ್ಟ. ವರ್ಷಗಟ್ಟಲೆ ನಿಂತ ಗಾಡಿ, ಊರೆಲ್ಲ ಕೂಡಿದರೂ ಒಂದು ಗೇಣು ಸರಿದರೆ ದೊಡ್ಡದು ಅಂತ ಅವನಿಗೂ ಅನಿಸಿತ್ತು, ಎಲ್ಲರಿಗೂ ಅನಿಸಿತ್ತು. ಗಂಡಸರು ಹಿಂದೆ ನಿಂತರು. ಎರೆಮಣ್ಣಿನಲ್ಲಿ ಹೂತ ಚಕ್ಕಡಿ ಎಬ್ಬಿಸಿ ಗೊತ್ತಿದ್ದ ಮಂದಿ. ಹಾಗೇ ಹೆಗಲು ಕೊಟ್ಟು, ಒಮ್ಮೆಲೆ ನೂಕಿದರು.

ಕಪ್ಪಿ ಬುಟ್ಟಿಯಷ್ಟು ಹಗುರ ಇತ್ತು. ನಿಂಬೆಹಣ್ಣು ಚಟ್ ಚಟ್ ಒಡೆದವು, ಹುಳಿ ವಾಸನೆ ಮೇಲೆದ್ದಿತು, ಮಂದಿ ಚಪ್ಪಾಳೆ ಹೊಡೆದರು. ನಾನೂ ನಕ್ಕೆ. ಆಮೇಲೆ ಗಾಡಿ ನಿಲ್ಲಲಿಲ್ಲ.

ಹೆದರಿಕೆ ಎದೆಯಲ್ಲಿ ಅನ್ನುತ್ತಾರೆ. ಸುಳ್ಳು, ಹೊಟ್ಟೆಯಲ್ಲಿ. ನನ್ನ ಹೊಟ್ಟೆ ಛಪ್ಪರದಲ್ಲೇ ಉಳಿಯಿತು, ನಾನು ಮುಂದೆ ಹೋದೆ. ಎಂಜಿನ್ ಇಲ್ಲದ್ದಕ್ಕೆ ಸಪ್ಪಳವೂ ಇಲ್ಲ. ನೆಲ ತಾನೇ ಕೆಳಗಿಂದ ಓಡಿದಂತೆ. ಎದುರಿಗೆ ಕಟ್ಟೆ ಕುಸಿದ ಬಾವಿ. ಅದರೊಳಗಿಂದ ಪಾರಿವಾಳಗಳು ಭರ್ರನೆ ಎದ್ದವು.

ಮೌಲಾಸಾಬ ಕಾಕಾ ಬಾಗಿಲು ಹಿಡಿದು ಪಕ್ಕದಲ್ಲಿ ಓಡಿದ. “ಬೇಟಿ, ಚಕ್ರ ತಿರುವ, ಚಕ್ರ” ಅಂದ. ಎಡವಿ ಬಿದ್ದು ಹಿಂದೆ ಉಳಿದ. ತಿರುವುವುದು ಹೇಗೆ? ಎರಡೂ ಕೈಯಲ್ಲಿ ಕಾಯಿ ಇದೆ. ಬಾವಿಗಿಂತ ನನಗೆ ಬಾಯಿಸಾಬಳ ಮಾತಿನದೇ ಹೆಚ್ಚು ಹೆದರಿಕೆ. ಸತ್ತರೂ ಕಾಯಿ ಬಿಡಬಾರದು ಅಂತಲೇ ಕೂತಿದ್ದೆ. ಈಗಿನ ಮಕ್ಕಳು ನಗುತ್ತಾರೆ. ನಗಲಿ.

ಆಗ ಅಡಿಗೆಮನೆಯ ಬಾಗಿಲಿಂದ ಅವ್ವನ ದನಿ ಬಂತು. ವಾಡೇದೊಳಗೆ ಬೆಕ್ಕನ್ನು ಓಡಿಸುವಾಗಲೂ ದನಿ ಎತ್ತದವಳು.

“ಒಗೀ ಆ ಕಾಯಿ. ಉಣ್ಣೂ ಕೈ ಕಡೆ ಜಗ್ಗ. ಜಗ್ಗ ಅಂದ್ರ ಜಗ್ಗ.”

ಒಗೆದೆ. ಕಾಯಿ ಗಾಡಿಯೊಳಗೇ ಎದುರಿನ ತಗಡಿಗೆ ಬಡಿದು ಹೋಳಾಯಿತು, ನೀರು ಮುಖಕ್ಕೆ ಸಿಡಿಯಿತು. ಚಕ್ರಕ್ಕೆ ಎರಡೂ ಕೈಯಿಂದ ಜೋತುಬಿದ್ದು ಜಗ್ಗಿದೆ. ಕಪ್ಪಿ ಬಲಕ್ಕೆ ಹೊರಳಿತು. ಹಿಂದಿನ ಗಾಲಿ ಬಾವಿಯ ಕಟ್ಟೆಗೆ ತಾಗಿ ಒಂದು ಕಲ್ಲು ಕಿತ್ತು ಒಳಗೆ ಬಿತ್ತು. ಅದು ನೀರು ಮುಟ್ಟುವವರೆಗೆ ನನ್ನ ಜೀವ ಅದರ ಜೊತೆಗೇ ಇಳಿಯಿತು. ಗುಳುಂ ಅನ್ನುವ ಹೊತ್ತಿಗೆ ಗಾಡಿ ಶೇಂಗಾ ಹೊಟ್ಟಿನ ಬಣವಿಗೆ ಮೂಗು ತೂರಿಸಿ ನಿಂತಿತ್ತು.

ಅವ್ವ ಬಂದಳು. ಕೈಯಲ್ಲಿ ಕಡಬು ಕರಿಯುವ ಝಾರಿ ಹಾಗೇ ಇತ್ತು, ಎಣ್ಣೆ ತೊಟ್ಟಿಕ್ಕುತ್ತಿತ್ತು. ನನ್ನ ತಲೆ, ಕೈ, ಕಾಲು ನೋಡಿದಳು.

“ಹಬ್ಬದ ದಿನಾ ಕಾಯಿ ಒಡೀತಲ್ಲ ಗಂಗವ್ವಾ” ಅಂದಳು ಬಾಯಿಸಾಬ.

“ಕಾಯಿ ಸಂತ್ಯಾಗ ಸಿಗತಾವ್ರಿ ಬಾಯಿಸಾಬ” ಅಂದಳು ಅವ್ವ.

ಬಾಯಿಸಾಬಳಿಗೆ ಹಾಗೆ ಯಾರೂ ಹೇಳಿದ್ದಿಲ್ಲ. ಮೌಲಾಸಾಬ ಕಾಕಾ ಕುಂಟುತ್ತ ಬಂದು, “ಸವದತ್ತಿ ಬಂತ್ರಿ, ಪ್ಯಾಸೆಂಜರ್ ಇಳೀರಿ” ಅಂದ. ಯಾರೂ ನಗಲಿಲ್ಲ. ಚಕ್ರಕ್ಕೆ ಅಂಟಿದ ನನ್ನ ಬೆರಳನ್ನು ಒಂದೊಂದಾಗಿ ಬಿಡಿಸಿದವನು ಅವನೇ. ಪರಕರ ಒದ್ದೆಯಾಗಿತ್ತು. ಕಾಯಿನೀರು ಅಂದೆ. “ಹೂಂ, ಕಾಯಿನೀರ” ಅಂದಳು ಅವ್ವ. ಕಡಬು ಕರಕಾಗುತ್ತವೆ ಅಂತ ಒಳಗೆ ಹೋದಳು.

ಸಣ್ಣ ಧಣಿ ಆ ವರ್ಷವೂ ಬರಲಿಲ್ಲ. ನನ್ನೊಳಗೆ ಕೂತ ಹೆದರಿಕೆಯೂ ಏಳಲಿಲ್ಲ. ಇವತ್ತಿಗೂ ಗಾಡಿಯ ಮುಂದಿನ ಸೀಟಿನಲ್ಲಿ ಕೂಡುವುದಿಲ್ಲ. ಮನೆ ಮುಂದೆ ಟ್ರ್ಯಾಕ್ಟರ್ ನಿಂತರೆ ಗಾಲಿಗೆ ಕಲ್ಲು ಕೊಟ್ಟಿದ್ದಾರೋ ಇಲ್ಲವೋ ನೋಡಿಯೇ ಒಳಗೆ ಹೋಗುತ್ತೇನೆ.

ಮೊನ್ನೆ ಮೊಮ್ಮಗ ಬಸು ಮೊಬೈಲ್ ತಂದು ಮುಂದೆ ಹಿಡಿದ. “ಆಯಿ, ನಮ್ಮೂರ ವಾಡೇದಾಗ ಸಿಕ್ಕ ಕಾರಂತ. ಹೊಸಾದ ಮಾಡಿ ಮಾರಾಕ ಇಟ್ಟಾರ ನೋಡ.”

ನೋಡಿದೆ. ಕೋಳಿಹಿಕ್ಕೆ ಇಲ್ಲ, ತುಕ್ಕಿಲ್ಲ. ಮುಖ ಕಾಣುವಂಥ ಕೆಂಪು. ಹಳೆಯ ಚಕ್ರವನ್ನೇ ತಿಕ್ಕಿ ಹಾಕಿದ್ದಾರಂತೆ.

“ಒಮ್ಮೆನೂ ಅಪಘಾತ ಆಗಿಲ್ಲಂತ ಬರದಾರ” ಅಂದ.

“ಅವರಿಗೆ ಹೇಳಾವ್ರ ಯಾರ ಉಳದಾರ” ಅಂದೆ.

ಬಾವಿ ಮುಚ್ಚಿ ಎಷ್ಟೋ ಕಾಲವಾಯಿತು. ಬಾಯಿಸಾಬ ಹೋದಳು, ಮೌಲಾಸಾಬ ಕಾಕಾ ಹೋದ, ಅವ್ವ ಹೋದಳು. ಒಗೀ, ಜಗ್ಗು ಅಂತ ನನಗೆ ಕೂಗಿ ಹೇಳುವವರು ಈಗ ಯಾರೂ ಇಲ್ಲ. ಮನೆಯಲ್ಲಿ ಎಲ್ಲರಿಗೂ ನಾನೇ ಕೂಗಬೇಕು, ನನ್ನ ದನಿ ಅಡಿಗೆಮನೆಯ ಬಾಗಿಲು ದಾಟುವುದಿಲ್ಲ.

ಚಿತ್ರದಲ್ಲಿ ಕಾರು ಯಾವುದೋ ಬಂಗಲೆಯ ಮುಂದೆ ಇಳಿಜಾರಿನಲ್ಲಿ ನಿಂತಿತ್ತು. ಬಸುಗೆ ಹೇಳಿ ಚಿತ್ರ ದೊಡ್ಡದು ಮಾಡಿಸಿದೆ. ಮುಂದಿನ ಗಾಲಿಯ ಕೆಳಗೆ ನೋಡಿದೆ, ಹಿಂದಿನದರ ಕೆಳಗೂ ನೋಡಿದೆ.

ಕಲ್ಲು ಇಟ್ಟಿರಲಿಲ್ಲ.