ಅಳು ನಿಲ್ಲಿಸುತ್ತಿದ್ದ ಅತ್ತಿಗೆ

ಮೂರು ವರ್ಷದ ಮಗು ಅಷ್ಟು ನೋವನ್ನು ಎಲ್ಲಿ ಬಚ್ಚಿಟ್ಟುಕೊಂಡಿತ್ತು? ಮೊನ್ನೆಯಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಪಾತ್ರೆ ತೊಳೆಯುವಾಗಲೂ ಅದೇ, ಬಟ್ಟೆ ಮಡಚುವಾಗಲೂ ಅದೇ.

ಅವತ್ತು ಬೆಳಿಗ್ಗೆ ಮಗಳ ದಿಂಬಿನ ಮೇಲೆ ಹಳದಿ ಕಲೆ ಕಂಡಿತು, ನಡುವೆ ಒಂದೆಳೆ ರಕ್ತ. ಹಾಕಿದ ಬಟ್ಟೆಯಲ್ಲೇ ಅವಳನ್ನು ಎತ್ತಿಕೊಂಡು ಓಡಿದೆ. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಒಳಗೆ ಕೀವು ತುಂಬಿ ಕಿವಿತಮಟೆ ಒಡೆದಿದೆಯಲ್ಲಮ್ಮ. ಈ ನೋವಿಗೆ ದೊಡ್ಡವರೇ ಗೋಳೋ ಅಂತ ಅಳ್ತಾರೆ. ಇವಳು ಅಳಲಿಲ್ವಾ?"

"ಇಲ್ಲ ಡಾಕ್ಟ್ರೇ."

"ಒಂದ್ಸಲಾನೂ?"

ಮಗು ಒಮ್ಮೆ ಕೆಮ್ಮಿದರೆ ಮೂರು ಜನರಿಗೆ ಫೋನ್ ಮಾಡುವ ಅಮ್ಮ ನಾನು. ಅವಳು ಸ್ವಲ್ಪ ಮಂಕಾಗಿದ್ದಳು, ಹೌದು. ನಿದ್ದೆ ಸಾಲದು ಅಂದುಕೊಂಡಿದ್ದೆ.

ಉತ್ತರ ಕೊಟ್ಟವಳು ಮಗಳೇ. "ಅತ್ತೆ ಬಿಸಿ ಬಟ್ಟೆ ಇಟ್ರು. ಕತೆ ಹೇಳಿದ್ರು. ನೋವು ಹೋಯ್ತು ಅಂತ ಹೇಳು ಅಂದ್ರು, ಹೇಳ್ದೆ. ಅಮ್ಮಂಗೆ ಹೇಳಿದ್ರೆ ಅಮ್ಮ ಹೆದರ್ಕೋತಾಳೆ."

ಕೊನೆಯ ಮಾತು ಕೇಳಿ ಡಾಕ್ಟರು ತಲೆ ತಗ್ಗಿಸಿ ಔಷಧಿ ಬರೆಯತೊಡಗಿದರು. ನಾನು ಕುರ್ಚಿಯ ಕೈ ಹಿಡಿದುಕೊಂಡೆ.

ಅವಳ ಅತ್ತೆ ಎಂದರೆ ನನ್ನ ಗಂಡನ ಅಕ್ಕ, ನನ್ನ ಅತ್ತಿಗೆ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೆಲಸ. ಬೆಳಗಿನ ಪಾಳಿ ಮುಗಿಸಿ ಬಂದು, ನಾನು ಆಫೀಸಿನಿಂದ ಬರುವ ತನಕ ಮಗಳನ್ನು ನೋಡಿಕೊಳ್ಳುತ್ತಿದ್ದರು. ಕಚೇರಿಯಲ್ಲಿ ಅವರ ಹೆಸರು ತಣ್ಣೀರಕ್ಕ. ಬಾಯಿಗೆ ಬಂದಂತೆ ಬೈಯುವವರ ಕರೆಗಳನ್ನೆಲ್ಲ ಅವರಿಗೇ ದಾಟಿಸುತ್ತಾರೆ.

"ನಿಮ್ಮ ಮನೇಲಿ ನೀರು ಬರತ್ತೇನ್ರೀ?" ಎಂದು ಒಬ್ಬ ಕಿರುಚಿದನಂತೆ. "ಇಲ್ಲ ಸಾರ್, ನಾನೂ ಸ್ನಾನ ಮಾಡಿ ಎರಡು ದಿನ ಆಯ್ತು. ಫೋನಾದ್ದರಿಂದ ನೀವು ಬಚಾವ್" ಎಂದರಂತೆ ಅತ್ತಿಗೆ. ಅವನು ನಕ್ಕು ಫೋನಿಟ್ಟ. ಕೊಳಾಯಿ ಒಣಗಿಯೇ ಇತ್ತು. ಆದರೆ ಕರೆ ಮಾಡಿದವನು ತಣ್ಣಗಾದರೆ ಅವರ ಲೆಕ್ಕದಲ್ಲಿ ಕೆಲಸ ಮುಗಿದಂತೆ.

ಅವರ ಗಂಡ, ನಮ್ಮ ಭಾವ, ತೀರಿಕೊಂಡಾಗಲೂ ಹಾಗೇ. ಅಳುತ್ತಾ ಬಂದವರನ್ನೆಲ್ಲ ಅವರೇ ಸಮಾಧಾನ ಮಾಡಿ, ನೀರು ಕುಡಿಸಿ ಕಳಿಸಿದರು. ಎಂಥ ಗಟ್ಟಿ ಹೆಂಗಸು ಎಂದು ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ನಾನೂ ಇಟ್ಟೆ. ನನ್ನಂಥ ಪುಕ್ಕಲಿಗೆ ಅವರು ಪಕ್ಕದಲ್ಲಿದ್ದರೆ ಉಸಿರಾಡುವುದು ಸುಲಭವಾಗುತ್ತಿತ್ತು.

ಅವತ್ತು ಮಧ್ಯಾಹ್ನ ಅವರು ಚಪ್ಪಲಿ ಬಿಡುತ್ತಿದ್ದಂತೆಯೇ ನಾನು ಎಗರಿ ಬಿದ್ದೆ.

"ನಿಮಗೆ ಗೊತ್ತಿತ್ತು! ಗೊತ್ತಿದ್ದೂ ಅವಳ ಬಾಯಿ ಮುಚ್ಚಿಸಿದ್ರಿ. ಕಿವಿ ಒಡೆದುಹೋಯ್ತು ಅತ್ತಿಗೆ! ಕಿವುಡಿ ಆಗಿದ್ರೆ ಏನ್ ಮಾಡ್ತಿದ್ರಿ?"

ಅತ್ತಿಗೆ ಗೋಡೆಯ ಕಡೆ ನೋಡುತ್ತಾ, ಕಚೇರಿಯ ಫೋನಿನ ಏರಿಳಿತವಿಲ್ಲದ ದನಿಯಲ್ಲಿ ಹೇಳಿದರು: "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ."

ಮದುವೆಯಾಗಿ ಬಂದಾಗಿನಿಂದ ನನ್ನನ್ನು "ಏನೇ, ಬಾರೇ" ಎಂದೇ ಕರೆದವರು. ತಮ್ಮ ಬಾಯಿಂದ ಬಂದದ್ದು ಅವರಿಗೇ ಆಗ ಕೇಳಿಸಿತೆಂದು ಕಾಣುತ್ತದೆ. ಮುಖ ಸುಣ್ಣದಂತಾಯಿತು. ಬಾಯಿ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲಿಳಿದು ಹೋದರು.

ಆಮೇಲೆ ಅವರು ಬರಲಿಲ್ಲ. "ನಮ್ಮಕ್ಕ ಬಂಡೆ ಕಣೇ. ಕೋಪ ಇಳಿದ್ಮೇಲೆ ತಾನೇ ಬರ್ತಾಳೆ ಬಿಡು" ಎಂದರು ಇವರು. ಬಿಟ್ಟೆ. ನನಗೂ ಸಿಟ್ಟು ಆರಿರಲಿಲ್ಲ.

ಇವತ್ತು ಮಧ್ಯಾಹ್ನ ಅವರ ಪಕ್ಕದ ಮೇಜಿನವರು ಫೋನ್ ಮಾಡಿದರು. ಯಾರೋ ಹೆಂಗಸು ನೀರಿಲ್ಲವೆಂದು ಅಳುತ್ತಿದ್ದಳಂತೆ. ಅತ್ತಿಗೆ ಕಿವಿಗೆ ಹಾಕಿದ್ದ ಹೆಡ್‌ಸೆಟ್ ಕಿತ್ತಿಟ್ಟು, ಅಲ್ಲೇ ಬಿಕ್ಕಿಬಿಕ್ಕಿ ಅತ್ತು, ಎದ್ದು ಹೋದರಂತೆ. "ತಣ್ಣೀರಕ್ಕ ಅಳೋದನ್ನ ನಾವ್ಯಾರೂ ನೋಡೇ ಇಲ್ಲಮ್ಮ. ನಮ್ಮ ಕೈಕಾಲೇ ಆಡಲಿಲ್ಲ."

ನನಗೂ ಆಡಲಿಲ್ಲ. ಬಂಡೆ ಎಂದು ಒರಗಿದ್ದೆವಲ್ಲ, ಒಳಗೆ ಯಾರಿದ್ದಾರೆಂದು ಒಬ್ಬರೂ ಕೇಳಿರಲಿಲ್ಲ. ನನ್ನ ಹೆದರಿಕೆ ಮನೆಯಲ್ಲಿ ಎಷ್ಟು ಜಾಗ ಹಿಡಿದಿತ್ತೆಂದರೆ, ಮಗುವಿನ ನೋವಿಗೂ ಅವರ ದುಃಖಕ್ಕೂ ಕಾಲಿಡಲು ಜಾಗವಿರಲಿಲ್ಲ.

ಫೋನ್ ಎತ್ತಿಕೊಂಡೆ. ಇಟ್ಟೆ. ಮತ್ತೆ ಎತ್ತಿಕೊಂಡು ಒತ್ತಿದೆ.

"ಪಾಪು ಕಿವಿ ಹೇಗಿದೆಯೇ?" ಇದೇ ಮೊದಲ ಮಾತು.

"ವಾಸಿಯಾಗತ್ತಂತೆ. ನೀವು ಹೇಗಿದೀರಿ?"

"ನಾನಾ? ನಂಗೇನು, ಚೆನ್ನಾಗೇ..." ಅವರ ಮನೆಯ ಫ್ಯಾನಿನ ಸದ್ದು ಕೇಳುತ್ತಿತ್ತು. "ಇಲ್ಲ ಕಣೇ. ಚೆನ್ನಾಗಿಲ್ಲ. ಅವಳ ಕಿವಿ ಮುಟ್ಟಿದಾಗ ಕಾದಿತ್ತು. ಭಯ ಬಂತು. ಮೊದಲು ಆ ಭಯಾನೇ ಸಮಾಧಾನ ಮಾಡ್ಬಿಟ್ಟೆ. ಅವರ ಎದೆನೋವಿಗೂ ಹಾಗೇ ಮಾಡಿದ್ದೆ ಕಣೇ. ಏನಾಗಲ್ಲ, ಮಲಗಿ ಅಂದಿದ್ದೆ."

ಭಾವ ತೀರಿಕೊಳ್ಳುವ ಮುಂಚೆ ಎದೆನೋವು ಎಂದಿದ್ದು ಯಾರಿಗೂ ಗೊತ್ತಿರಲಿಲ್ಲ. ಅತ್ತಿಗೆ ಅಳುತ್ತಿದ್ದರು. ಅಳಬೇಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಕೇಳಿಸ್ಕೋತಿದೀನಿ ಅತ್ತಿಗೆ," ಎಂದೆ. "ಹೇಳಿ."