ಶಾಲೆಯ ಬಸವಣ್ಣನನ್ನು ಕದಲಿಸಿದ್ದು

ನನ್ನ ಮಗಳು ಓದಿದ ಚಳ್ಳಕೆರೆಯ ಶಾಲೆಯಲ್ಲಿ ಚಿತ್ರಕಲೆಯ ಕೋಣೆ ಮಕ್ಕಳ ಕೈಯಲ್ಲೇ ಇದೆ. ಏನು ಮಾಡಬೇಕು, ಯಾರು ಮಾಡಬೇಕು ಎಂಬುದನ್ನು ಅವರೇ ಕೈ ಎತ್ತಿ ತೀರ್ಮಾನಿಸುತ್ತಾರೆ. ಕೇಳಿದರೆ ಮಾತ್ರ ಮೇಷ್ಟ್ರು ಹೇಳಿಕೊಡುತ್ತಾರೆ. ಒಂದು ಗುಂಪು ಸೇರಿ ಆಳೆತ್ತರದ ಮೂರ್ತಿ ಮಾಡುತ್ತದೆ. ಎಲ್ಲರೂ ನೋಡಿದ ಮೇಲೆ ಅದನ್ನು ಒಡೆದು, ಒಳಗಿನ ಕಬ್ಬಿಣದ ಜಾಲರಿಯನ್ನು ಮುಂದಿನ ಗುಂಪಿಗೆ ಕೊಡುತ್ತದೆ. ಇರುವುದು ಒಂದೇ ಜಾಲರಿ.

ಕಳೆದ ವರ್ಷ ಒಂಬತ್ತನೇ ತರಗತಿಯವರು ನಿಂತ ಎತ್ತು ಮಾಡಲು ಹೊರಟರು. ಗೋಣಿಚೀಲ, ಹಳೇ ಪೇಪರು, ಮೈದಾ ಗಂಜಿ. ಮೈಭಾರಕ್ಕೆ ಕಾಲು ಬಾಗಿತು. ಮತ್ತೆ ಕಟ್ಟಿದರು, ಮತ್ತೆ ಬಾಗಿತು. ಕೊನೆಗೆ ಕಾಲು ಮಡಿಸಿ ಕೂರಿಸಿಬಿಟ್ಟರು. ನಮ್ಮ ಕಡೆ ಕಾಲು ಮಡಿಸಿ ಕೂತದ್ದು ಎತ್ತಲ್ಲ, ಬಸವಣ್ಣ. ಅದು ಮಕ್ಕಳಿಗೆ ಹೊಳೆದಿರಲಿಲ್ಲ.

ನೋಡಲು ಕರೆದ ದಿನ, ನನ್ನಿವಾಳದಿಂದ ಬಂದಿದ್ದ ನಮ್ಮ ಅತ್ತೆಯನ್ನೂ ಕರೆದುಕೊಂಡು ಹೋದೆ. ಅವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸೊಂಟದ ಚೀಲದಿಂದ ವಿಭೂತಿ ತೆಗೆದು ಅದರ ಹಣೆಗೆ ಎಳೆದು ಕೈಮುಗಿದರು. ನಾನೂ ಕೈಮುಗಿದೆ. ಹಿಂದೆ ಬಂದ ಮೊಳಕಾಲ್ಮೂರಿನ ಮಗ್ಗದ ಮನೆಯ ತಾಯಿಯೊಬ್ಬರು ಕೊಂಬಿಗೆ ರೇಷ್ಮೆ ತುಂಡು ಕಟ್ಟಿದರು. ಸಂಜೆಯೊಳಗೆ ಹೂವು, ಊದುಬತ್ತಿ, ತೆಂಗಿನಕಾಯಿ ಎಲ್ಲ ಆಯಿತು.

ಮುಂದಿನ ಸರದಿ ಮಗಳ ಗುಂಪಿನದು. ಬೇರು, ಕಾಯಿ ಸಮೇತ ಶೇಂಗಾ ಗಿಡ ಮಾಡಬೇಕೆಂದಿದ್ದಳು. ಅವಳದು ಹತ್ತನೇ ತರಗತಿ. ಈ ಸಲ ತಪ್ಪಿದರೆ ಮತ್ತೆ ಸಿಗುವಂತಿರಲಿಲ್ಲ. ಈಗ ಸುತ್ತಿಗೆ ಮುಟ್ಟುವವರಿಲ್ಲ. ಮಾಡಿದ ಮಕ್ಕಳೇ "ನಮ್ಮವ್ವ ಬೈತಾಳೆ" ಎಂದು ಹಿಂದೆ ಸರಿದರು.

ಮಗಳು ಮನೆಗೆ ಬಂದವಳೇ ಅಜ್ಜಿಯ ಎದುರು ನಿಂತಳು. "ವಿಭೂತಿ ಹಚ್ಚಿದೋಳು ನೀನು. ನೀನೇ ಬಂದು ಅಳಿಸು."

"ಅಳ್ಸೋಕೆ ಅದೇನು ನಿನ್ನ ಸ್ಲೇಟಾ?"

"ಹಂಗಾದ್ರೆ ಮನೆಗೆ ತಂದಿಟ್ಕೋ. ಮಂಚದ ಮೇಲೆ ಅದು ಮಲಗ್ಲಿ, ನೀನು ಕೆಳಗೆ."

ಅತ್ತೆ ನಕ್ಕರು. ಬಾಯಲ್ಲಿದ್ದ ಎಲೆ ಅಗಿದು ಮುಗಿಸಿ, "ಕೂರ್ಸಿದ ದೇವ್ರನ್ನ ಕಳ್ಸೋದೂ ಐತಲ್ಲ. ಕಲಶ ಕದಲಿಸಲ್ವಾ ನಾವು?" ಎಂದರು.

ಮನೆಯಲ್ಲಿ ಪೂಜೆ ಮುಗಿದ ಮೇಲೆ ಕಲಶವನ್ನು ಕೂತ ಜಾಗದಿಂದ ಒಂದಿಷ್ಟು ಸರಿಸುತ್ತೇವೆ. ಅಲ್ಲಿಗೆ ದೇವರು ಹೊರಟ ಹಾಗೆ. ಆಮೇಲೆ ಅದು ಬರೀ ಚೊಂಬು. ಆದರೆ ಕಲಶ ಸರಿಸಲು ಎರಡು ಬೆರಳು ಸಾಕು.

ಶಿವನ ವಾರ ಬೇಡವೆಂದು ಬುಧವಾರ ಹೋದೆವು. ಅಪ್ಪಣೆ ಕೇಳಿದ್ದಕ್ಕೆ ಮೇಷ್ಟ್ರು, "ಮಕ್ಕಳನ್ನ ಕೇಳ್ರಿ" ಎಂದರು. ಎರಡೂ ಗುಂಪಿನವರು ಕೈ ಎತ್ತಿದರು. ಅತ್ತೆ ಊದುಬತ್ತಿ ಬೆಳಗಿ ಪಕ್ಕಕ್ಕೆ ನಿಂತರು. ಮಕ್ಕಳೆಲ್ಲ ಸೇರಿ ದಬ್ಬಿದರು. ಗಂಜಿ ಒಣಗಿ ನೆಲಕ್ಕೆ ಹಿಡಿದುಕೊಂಡಿತ್ತು, ಅಲುಗಲಿಲ್ಲ.

"ಇವನಿಗೆ ಹೋಗೋಕೆ ಮನಸ್ಸಿಲ್ಲ ಕಣೇ," ಎಂದಳು ಒಬ್ಬಳು.

"ಲೇ, ಬಾಲ ಬಿಡೋ, ಕಿತ್ ಬರ್ತೈತೆ."

"ಮೇಷ್ಟ್ರೇ, ನೀವೂ ಬರ್ರಿ," ಎಂದರು ಅತ್ತೆ. "ಕೈಕಟ್ಟಿ ನಿಂತ್ರೆ ದೇವ್ರು ಹೋಗಲ್ಲ."

ಮೇಷ್ಟ್ರು ಅಂಗಿಯ ತೋಳು ಮಡಿಸಿ ಬಂದರು. ನಾನೂ ಸೆರಗು ಸಿಕ್ಕಿಸಿ ಭುಜ ಕೊಟ್ಟೆ. ಚರಚರ ಸದ್ದಾಗಿ ಅದು ಅಂಗೈಯಗಲ ಸರಿಯಿತು. ಯಾರ ಬೆರಳೂ ಸಿಕ್ಕಿಕೊಳ್ಳಲಿಲ್ಲ, ಪುಣ್ಯ. ಅತ್ತೆ "ಹೋಗಿ ಬಾರಪ್ಪ" ಎಂದು ತಮ್ಮ ಸೆರಗಿನಿಂದಲೇ ವಿಭೂತಿ ಒರೆಸಿದರು.

"ಈಗ ಅದು ಗೋಣಿ. ಒಡೀರಿ."

ಮೊದಲ ಏಟು ಮಾಡಿದವರೇ ಹಾಕಲೆಂದು ಮಗಳು ಸುತ್ತಿಗೆಯನ್ನು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಕೈಗೆ ಕೊಟ್ಟಳು. ಜಾಲರಿ ಒಂದು ಕಡೆ ಸೊಟ್ಟಗಾಗಿದ್ದು ಬಿಟ್ಟರೆ ಪೂರಾ ಸಿಕ್ಕಿತು. ಶಿವ ಅಷ್ಟು ಉಳಿಸಿದ. ಮಗಳು ನಮ್ಮನ್ನು ಕಳಿಸಲು ಗೇಟಿನವರೆಗೂ ಬರಲಿಲ್ಲ. ನಾವು ಹೊರಟಾಗ ತನ್ನ ಗುಂಪಿನವರ ಜೊತೆ ಜಾಲರಿಯನ್ನು ನೆಲಕ್ಕೆ ಹಾಸಿ, ತುಳಿದು ತುಳಿದು ಸಪಾಟು ಮಾಡುತ್ತಿದ್ದಳು.